ಅತ್ತಿಗೆ ತಿದ್ದಿದ ಪ್ರಬಂಧ

ಕೊಡಗು ಆಗ ಬೇರೆಯೇ ರಾಜ್ಯ. ಮಡಿಕೇರಿಯಲ್ಲಿ ಸೂಲಗಿತ್ತಿ ತರಬೇತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆಂದು ತಿಳಿದು ನಾನೂ ಅರ್ಜಿ ಹಾಕಲು ಹೊರಟೆ. ಅರ್ಜಿಯ ಜೊತೆ ‘ಈ ಕೆಲಸ ನನಗೇಕೆ ಬೇಕು’ ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕಿತ್ತು. ಶಾಲೆಯಲ್ಲಿ ಹಸುವಿನ ಮೇಲೆ, ರೈಲಿನ ಮೇಲೆ ಇಂಗ್ಲಿಷ್ ಪ್ರಬಂಧ ಬಾಯಿಪಾಠ ಮಾಡಿದ್ದೆನೇ ಹೊರತು ನನ್ನ ಬಗ್ಗೆ ಒಂದು ಸಾಲೂ ಬರೆದವಳಲ್ಲ. ಹಳೆಯ ಗೈಡಿನಿಂದ ದೊಡ್ಡ ದೊಡ್ಡ ಮಾತುಗಳನ್ನು ಆರಿಸಿ ಪುಟ ತುಂಬಿಸಿದೆ. ಅದನ್ನು ಹಿಡಿದು, ಶನಿವಾರಸಂತೆಯಲ್ಲಿದ್ದ ನಮ್ಮ ನಿವೃತ್ತ ಟೀಚರ ಮನೆಗೆ ಹೋದೆ.

ಅವರು ಕೊಡವರು. ಕನ್ನಡದಲ್ಲಿ ಮಾತನಾಡಿದರೂ ಸಿಟ್ಟು ಬಂದಾಗ ಅವರ ಮನೆಮಾತು ಕೊಡವ ತಕ್ಕ್ ಬಾಯಿಗೆ ಬರುತ್ತಿತ್ತು. ಆ ದಿನ ಸಿಟ್ಟು ಮಾಡಲಿಲ್ಲ. ಪೂರ್ತಿ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ಅತ್ತಿಗೆಯ ಮಗು ಸತ್ತಿತು ಅಂತ ಇಲ್ಲಿ ಬಾಲದಲ್ಲಿ ಬರ್ದಿದ್ದೀಯಲ್ಲ, ಯಾಕೆ?”

“ಅದು ಮನೆ ವಿಷಯ ಅಲ್ವಾ ಟೀಚರಮ್ಮ.”

“ನೀನು ಈ ಕೆಲಸಕ್ಕೆ ಹೋಗೋದು ಅದರಿಂದ ತಾನೆ?”

ನಾನು ತಲೆಯಾಡಿಸಿದೆ.

“ಹಾಗಾದ್ರೆ ಅದನ್ನೇ ಮೊದಲು ಬರಿ. ಆಮೇಲೆ ನೀನೇನು ನೋಡಿದೆ, ಅದು. ಕೊನೆಗೆ, ಏನು ಕಲೀಬೇಕು ಅಂತಿದ್ದೀಯ, ಅದು. ಉಳಿದದ್ದೆಲ್ಲ ಹೊಡೆದುಹಾಕು.”

ಜಗಲಿಯಲ್ಲೇ ಕುಳಿತು ಮತ್ತೆ ಬರೆದೆ. ಮಳೆಗೆ ಹೊಳೆ ಉಕ್ಕಿ ಸೂಲಗಿತ್ತಿ ಬರುವುದು ತಡವಾದದ್ದು, ಬಂದವಳು ಅಡುಗೆಮನೆಯಲ್ಲಿ ನಾನು ಕಾಯಿಸಿದ ನೀರಿನಲ್ಲಿ ಮೊಳಕೈವರೆಗೂ ಕೈ ತೊಳೆದದ್ದು, ತಾಯಿಯನ್ನಷ್ಟೇ ಉಳಿಸಿದ್ದು. ಸಣ್ಣ ಸಣ್ಣ ವಾಕ್ಯಗಳು. ಟೀಚರ್ ಕ್ರಿಯಾಪದಗಳನ್ನು ತಿದ್ದಿ, “ಈಗ ಸರಿ. ಆದ್ರೆ ಕಳ್ಸೋ ಮೊದ್ಲು ನಿನ್ನ ಅತ್ತಿಗೆಯನ್ನ ಒಂದು ಮಾತು ಕೇಳು” ಎಂದರು.

ಆ ಮಗುವಿನ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮರುದಿನ ಅತ್ತಿಗೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಹೆದರುತ್ತಲೇ ಹೇಳಿದೆ. ಅತ್ತಿಗೆಗೆ ಓದು ಬರುತ್ತಿರಲಿಲ್ಲ. ಕೈ ನಿಲ್ಲಿಸದೆ, “ಏನಂತ ಬರ್ದಿದ್ದೀಯೆ, ಹೇಳು” ಎಂದರು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ‘ನನ್ನ ಅತ್ತಿಗೆ ಜೋರಾಗಿ ಅರಚಿದಳು’ ಎಂಬಲ್ಲಿ ಅವರ ಕೈ ನಿಂತಿತು.

“ನಾನು ಅರಚ್ಲಿಲ್ಲ ಕಣೆ. ಅರಚಿದ್ದು ನಿಮ್ಮವ್ವ. ನಾನು ಸೆರಗು ಕಚ್ಕಂಡು ಸುಮ್ನಿದ್ದೆ.”

ಹೆರಿಗೆಯಾದಾಗ ನಾನು ಆ ಕೋಣೆಯೊಳಗೆ ಇರಲೇ ಇಲ್ಲ. ಕೇಳಿದ ಕೂಗು ಅತ್ತಿಗೆಯದೇ ಎಂದುಕೊಂಡು ಬರೆದುಬಿಟ್ಟಿದ್ದೆ. ನಾಚಿಕೆಯಾಯಿತು.

“ತಿದ್ತೀನಿ ಅತ್ತಿಗೆ.”

“ಮಗು ಅಂತ ಅಷ್ಟೇ ಹಾಕಿದ್ದೀಯ. ಹೆಣ್ಣುಮಗು ಅಂತ ಹಾಕು. ತಲೆತುಂಬ ಕೂದ್ಲಿತ್ತು.”

ಅತ್ತಿಗೆ ಮುಖ ಆಚೆ ತಿರುಗಿಸಿಕೊಂಡರು. ನಾನೂ ಅಲ್ಲೇ ಕುಳಿತು ಉಳಿದ ಪಾತ್ರೆಗಳನ್ನು ತೊಳೆದೆ. ಆಮೇಲೆ ಒಳಗೆ ಹೋಗಿ ಆ ಎರಡು ವಾಕ್ಯಗಳನ್ನು ತಿದ್ದಿ, ಕೂದಲಿನದೊಂದು ಸೇರಿಸಿ, ಹೊಸ ಹಾಳೆಯಲ್ಲಿ ಬರೆದೆ. ಕೂದಲಿನ ವಾಕ್ಯದಲ್ಲಿ ವ್ಯಾಕರಣ ಸರಿಯಿತ್ತೋ ಇಲ್ಲವೋ, ಟೀಚರಿಗೆ ತೋರಿಸಲು ಹೋಗಲಿಲ್ಲ.

ಮಡಿಕೇರಿಯಲ್ಲಿ ಸಂದರ್ಶನಕ್ಕೆ ಕುಳಿತಿದ್ದ ಲೇಡಿ ಡಾಕ್ಟರು ನನ್ನ ಹಾಳೆಯನ್ನು ಎರಡು ಸಲ ಓದಿದರು. ಇಂಗ್ಲಿಷಿನಲ್ಲಿ ಉತ್ತರ ಕೊಡಲು ನಾನು ಗಂಟಲು ಸರಿಮಾಡಿಕೊಂಡೆ. ಅವರು ಕನ್ನಡದಲ್ಲೇ ಕೇಳಿದರು:

“ನಿಮ್ಮ ಅತ್ತಿಗೆ ಈಗ ಹೇಗಿದ್ದಾರಮ್ಮ?”

“ಗದ್ದೆ ಕೆಲ್ಸ ಎಲ್ಲ ಮಾಡ್ತಾರೆ ಮೇಡಂ. ಮೊನ್ನೆ ಮೊದಲ್ನೇ ಸಲ ಆ ಮಗೂನ ಬಗ್ಗೆ ಮಾತಾಡಿದ್ರು.”

ಡಾಕ್ಟರು ನನ್ನ ಹೆಸರಿನ ಮುಂದೆ ಗುರುತು ಹಾಕಿಕೊಂಡರು. ಮುಂದಿನ ತಿಂಗಳು ತರಬೇತಿಗೆ ಸೇರಿದೆ.