ಪೂಜೆಯ ನಂತರ ತಿರುಗದ ಡಿಸ್ಕ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಸೀರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಆಫೀಸಿನ ಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇತ್ತು. ಪರದೆ ಇಲ್ಲ, ಕೀಬೋರ್ಡ್ ಇಲ್ಲ. ನಮ್ಮ ಕಂಪ್ಯೂಟರುಗಳನ್ನು ಫೋನ್ ಲೈನಿನಿಂದ ಬೆಂಗಳೂರಿನ ಅಂಗಡಿಗೆ ಜೋಡಿಸುವುದು ಅದರ ಕೆಲಸ. ಯಾವ ಬಣ್ಣ, ಎಷ್ಟು ಸೀರೆ ಎಂಬ ಆರ್ಡರು ಅದರ ಮೂಲಕವೇ ಬರುತ್ತಿತ್ತು. ಅದು ಎದ್ದು ಕೆಲಸ ಶುರುಮಾಡಲು ಬೇಕಾದುದೆಲ್ಲ ಒಳಗಿನ ಹಾರ್ಡ್ ಡಿಸ್ಕಿನಲ್ಲಿತ್ತು. ಡಿಸ್ಕ್ ಹಳೆಯದು, ಬೇರೆ ಕಂಪ್ಯೂಟರಿನಿಂದ ಬಿಚ್ಚಿದ್ದು. ಪೆಟ್ಟಿಗೆ ಇಟ್ಟು ಹತ್ತು ತಿಂಗಳಾಗಿತ್ತು. ಕರೆಂಟು ಹೋದರೂ ಬ್ಯಾಟರಿಯ ಮೇಲೆ ಓಡುತ್ತ, ಒಮ್ಮೆಯೂ ನಿಂತಿರಲಿಲ್ಲ. ಡಿಸ್ಕಿನಲ್ಲಿದ್ದುದರ ಪ್ರತಿಯನ್ನು ನಾನು ಬೇರೆಡೆ ತೆಗೆದಿಟ್ಟಿರಲಿಲ್ಲ.

ಆಯುಧಪೂಜೆ ಬಂತು. ಮಗ್ಗಗಳನ್ನು ನಿಲ್ಲಿಸಿ, ಒರೆಸಿ, ಕುಂಕುಮ ಇಡುವುದು ಮಗ್ಗದ ಮೇಸ್ತ್ರಿಯ ಕೆಲಸ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಪೂಜೆಯಾದ ಯಂತ್ರವನ್ನು ಆ ದಿನ ಓಡಿಸುವಂತಿಲ್ಲ.

“ಸಾ, ಈ ಡಬ್ಬಾನೂ ನಿಲ್ಲಿಸ್ಬೇಕಾ?” ಎಂದರು.

“ನಿಲ್ಸಿ ಮೇಸ್ತ್ರಿ. ಹಗಲೂ ರಾತ್ರಿ ದುಡಿದಿದೆ, ಅದಕ್ಕೂ ಒಂದಿನ ರಜ ಬೇಡ್ವಾ?”

ಇಬ್ಬರೂ ನಕ್ಕೆವು. ಅವರು ಸ್ವಿಚ್ ಒತ್ತಿದರು. ಒಳಗಿನ ಸದ್ದು ಸಣ್ಣಗಾಗುತ್ತ ಹೋಗಿ ನಿಂತಿತು. ಆ ಮೌನ ನನಗೆ ಹಿಡಿಸಲಿಲ್ಲ. ಆದರೂ ಮನೆಗೆ ಹೋದೆ.

ವಿಜಯದಶಮಿಯ ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಿತು. ಕೆಲಸ ಶುರುವಾಯಿತೆಂದು ತಿಳಿಸುವ ಹಸಿರು ಹತ್ತಲಿಲ್ಲ.

ಯಜಮಾನರು ಬಂದು ನಿಂತರು. “ಯಾರಯ್ಯಾ ಇದನ್ನ ಆಫ್ ಮಾಡಿದ್ದು?”

“ನಾನೇ ಸ್ವಾಮಿ,” ಎಂದು ಮೇಸ್ತ್ರಿ ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ಸ್ಕ್ರೂ ಬಿಚ್ಚುತ್ತಿದ್ದೆ.

“ಮಗ್ಗಕ್ಕೆ ಪೂಜೆ ಮಾಡು ಅಂದ್ರೆ ಕಂಡಿದ್ದಕ್ಕೆಲ್ಲಾ ಮಾಡ್ತೀಯಾ? ಸಾಯಂಕಾಲದೊಳಗೆ ಇದು ಸುರುವಾಗ್ದಿದ್ರೆ, ನಾಳೆಯಿಂದ ಗೇಟೊಳಗೆ ಕಾಲಿಡ್ಬೇಡ.”

ನಾನು ಮುಂದಿನ ಸ್ಕ್ರೂಗೆ ಕೈ ಹಾಕಿದೆ.

ಬೇರೆ ಕಂಪ್ಯೂಟರಿನ ಪರದೆ ತಂದು ಜೋಡಿಸಿದೆ. ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಕೇಬಲ್ ಬದಲಿಸಿದೆ, ಅದೇ ಸಾಲು. ಕರೆಂಟಿನ ವೈರು ಬದಲಿಸಿದೆ; ಅದೇ. ಕೊನೆಗೆ ಡಿಸ್ಕಿಗೆ ಕಿವಿ ಕೊಟ್ಟೆ. ಟಿಕ್ ಎಂದು ಒಮ್ಮೆ, ಆಮೇಲೆ ಏನೂ ಇಲ್ಲ. ತಿರುಗುವ ಸದ್ದೇ ಇರಲಿಲ್ಲ. ತಿಂಗಳುಗಟ್ಟಲೆ ಬಿಸಿಯಾಗಿ ಓಡಿದ್ದು, ತಣ್ಣಗಾದ ಮೇಲೆ ಒಳಗಿನ ತಿರುಗುವ ತಟ್ಟೆ ಅಂಟಿಕೊಂಡಿತ್ತು.

ಮೇಸ್ತ್ರಿ ಊಟಕ್ಕೂ ಹೋಗದೆ ಬಾಗಿಲ ಹತ್ತಿರ ಕೂತಿದ್ದರು. ಮಗ್ಗಗಳ ಸದ್ದು ಒಂದೊಂದಾಗಿ ಕಡಿಮೆಯಾಗುತ್ತಿತ್ತು. ಮುಂದೇನು ನೇಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ನಾಲ್ಕು ಗಂಟೆಗೆ, ಬೇರೆ ದಾರಿ ಕಾಣದೆ, ಡಿಸ್ಕನ್ನು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಸ್ವಿಚ್ ಹಾಕಿ, ಅಂಟು ಬಿಡಲೆಂದು ಮಣಿಕಟ್ಟನ್ನು ಜೋರಾಗಿ ತಿರುಗಿಸಿದೆ. ಮೂರನೆಯ ಸಲಕ್ಕೆ ಕೈಯಲ್ಲೇ ಅದು ನಡುಗಿ ತಿರುಗತೊಡಗಿತು. ಹಸಿರು ದೀಪ ಹತ್ತುವವರೆಗೂ ಕೈ ಕದಲಿಸಲಿಲ್ಲ.

ಆಗ ಯಜಮಾನರಿಗೆ ಹೇಳಿದೆ, ನಿಲ್ಲಿಸಲು ಹೇಳಿದವನು ನಾನೇ ಎಂದು. ಅವರು ಪರದೆ ನೋಡುತ್ತ “ಆಯ್ತು ಬಿಡಪ್ಪಾ” ಎಂದರು. ಮೇಸ್ತ್ರಿ ಎದ್ದು ಪಂಚೆ ಕೊಡವಿಕೊಂಡರು. “ಈಗ್ಯಾಕ್ ಸಾ, ಸುರುವಾಯ್ತಲ್ಲ.”

ಮುಂದಿನ ಆಯುಧಪೂಜೆಗೆ ಅವರು ಆ ಪೆಟ್ಟಿಗೆ ಓಡುತ್ತಿದ್ದಂತೆಯೇ ಕುಂಕುಮ ಇಟ್ಟರು. ನನ್ನನ್ನು ಕೇಳಲಿಲ್ಲ.