ಟ್ಯಾಂಕಿನ ಹಿಂದಿನ ಬಾಟಲಿ

ಶನಿವಾರ ಬೆಳಿಗ್ಗೆ ಸಿರಿಲ್ ಕಂಪನಿ ಬಸ್ಸಿಗೆ, ಮಗಳು ಮೈರಾ ಶಾಲೆಗೆ ಹೊರಟ ಮೇಲೆ ಸಿಸಿಲಿಯಾ ಬಚ್ಚಲಿನ ಕೆಂಪು ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಹಿಡಿದಳು. ದೋಹಾದಲ್ಲಿ ಮೇ ತಿಂಗಳು ಬಂತೆಂದರೆ ನಲ್ಲಿಗಳು ತಮ್ಮ ಕೆಲಸ ಅದಲುಬದಲು ಮಾಡಿಕೊಳ್ಳುತ್ತವೆ. ತಣ್ಣೀರಿನ ನಲ್ಲಿಯಲ್ಲಿ ತಾರಸಿಯ ಟಾಂಕಿಯಿಂದ ಸುಡುನೀರು ಬರುತ್ತದೆ. ಗೀಸರ್ ಆರಿಸಿಟ್ಟರೆ ಅದರೊಳಗೆ ನಿಂತ ನೀರು ಮನೆಯ ಏಸಿಗೆ ತಣಿದು ಬಿಸಿನೀರಿನ ನಲ್ಲಿಯಲ್ಲಿ ಇಳಿಯುತ್ತದೆ. ಹೊಸಬರು ಕೈ ಸುಟ್ಟುಕೊಂಡು ಇದನ್ನು ಕಲಿಯುತ್ತಾರೆ. ಸಿಸಿಲಿಯಾ ಕಲಿತದ್ದು ಮೊದಲ ಬೇಸಿಗೆಯಲ್ಲಿ ಮೀನುಗಳೆಲ್ಲ ಸತ್ತ ಮೇಲೆ.

ಹಜಾರದ ಗೋಡೆಗೆ ಒತ್ತಿಟ್ಟಿದ್ದ ಗಾಜಿನ ತೊಟ್ಟಿಗೆ ಮನೆಯಲ್ಲಿ ಎಲ್ಲರೂ ಟ್ಯಾಂಕ್ ಎನ್ನುತ್ತಿದ್ದರು. ಅದರಿಂದ ಒಂದಿಷ್ಟು ಹಳೇ ನೀರು ತೆಗೆದು ಹೊಸದನ್ನು ನಿಧಾನವಾಗಿ ತಟ್ಟೆಯ ಮೇಲೆ ಸುರಿದಳು, ತಳ ಕದಡಬಾರದೆಂದು. ಆಮೇಲೆ ಟ್ಯಾಂಕಿನ ಹಿಂದಿದ್ದ ಪೆಪ್ಸಿ ಬಾಟಲಿಯನ್ನು ಈಚೆ ತೆಗೆದು, ಒಳಗಿನ ಹುಳಿನೀರನ್ನು ಸಿಂಕಿಗೆ ಚೆಲ್ಲಿ, ಸಕ್ಕರೆ, ಉಗುರುಬೆಚ್ಚಗಿನ ನೀರು, ಚಿಟಿಕೆ ಯೀಸ್ಟ್ ಹಾಕಿ ಮುಚ್ಚಳ ಬಿಗಿದಳು. ಮುಚ್ಚಳದ ತೂತಿನಿಂದ ಸಪೂರ ಕೊಳವೆಯೊಂದು ಟ್ಯಾಂಕಿನೊಳಗೆ ಇಳಿದಿತ್ತು. ಬಾಟಲಿಯಲ್ಲಿ ಸಕ್ಕರೆ ಹುಳಿಯುತ್ತ ಬಂದಂತೆ ಅದರ ಗಾಳಿ ಗುಳ್ಳೆಗಳಾಗಿ ನೀರಿಗೆ ಸೇರುತ್ತದೆ. ಗಿಡಗಳಿಗೆ ಅದೇ ಊಟ. ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿ ಕಲಿತ ಉಪಾಯ. ಯೀಸ್ಟ್ ಮಾತ್ರ ಹಬ್ಬಕ್ಕೆ ಇಡ್ಲಿಯಂಥ ಸನ್ನಾ ಮಾಡಲು ಡಬ್ಬದಲ್ಲಿ ಇದ್ದದ್ದೇ. ಊರಿನಲ್ಲಿ ಕಳ್ಳು ಹಾಕಿ ಹುದುಗಿಸುವ ಆ ಹಿಟ್ಟಿಗೆ ಇಲ್ಲಿ ಯೀಸ್ಟೇ ಗತಿ.

ಎದುರು ಮನೆಯ ರುಕಿಯಾ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡಳು. ಆಕೆ ಉಳ್ಳಾಲದವಳು. ಗಂಡ ಮೊಯ್ದಿನ್ ಕುಂಞಿಗೆ ಸೂಕಿನ ಪೇಟೆಯಲ್ಲಿ ಬಟ್ಟೆ ಅಂಗಡಿ.

"ಸಿಸಿಲಿಯಕ್ಕ, ಬೆಳಿಗ್ಗೆ ಬೆಳಿಗ್ಗೆಯೇ ಗಿಡಕ್ಕೆ ಕಳ್ಳು ಕುಡಿಸ್ತೀರಾ?"

"ಗಾಳಿ ಮಾತ್ರ ಮಾರಾಯ್ತಿ. ಉಳಿದದ್ದು ಸಿಂಕಿಗೆ."

"ಸಿಂಕು ಯಾವ ಜನ್ಮದಲ್ಲಿ ಪುಣ್ಯ ಮಾಡಿತ್ತೋ!"

ಬಿನ್ ಮಹಮೂದ್ ಬಡಾವಣೆಯ ಆ ಫ್ಲ್ಯಾಟಿಗೆ ಸಿಸಿಲಿಯಾ ಬಂದದ್ದು 1993ರಲ್ಲಿ. ಮುಂಡ್ಕೂರಿನಲ್ಲಿ ಟೀಚರಾಗಿದ್ದವಳು. ಗಂಡನ ವೀಸಾದ ಮೇಲೆ ಬಂದವಳಿಗೆ ಇಲ್ಲಿ ಕೆಲಸಕ್ಕೆ ಸೇರುವ ಹಾಗಿರಲಿಲ್ಲ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಏಸಿಗಳು ಬಿಸಿ ಉಗುಳುತ್ತಿದ್ದವು. ಟ್ಯಾಂಕ್ ತಂದು, ಅಲ್ ಖೋರ್ ಕಡಲದಂಡೆಯ ಮರಳನ್ನು ತೊಳೆದು ತೊಳೆದು ಹಾಸಿದಳು. ಆ ಮರಳೆಂದರೆ ಪುಡಿಯಾದ ಚಿಪ್ಪು, ಬರೀ ಸುಣ್ಣ. ನೆರೆಮನೆಗಳ ಕುಂಡದಿಂದ ತಂದು ಅದರಲ್ಲಿ ನೆಟ್ಟದ್ದೆಲ್ಲ ಹಳದಿಯಾಗಿ ಕರಗಿತು. ಮುಂದಿನ ರಜೆಯಲ್ಲಿ ಊರಿನಿಂದ ಕೆಂಪು ಮುರಕಲ್ಲಿನ ಪುಡಿಯನ್ನೇ ಕಟ್ಟಿಕೊಂಡು ಬಂದಳು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಕೆಂಪು ಪುಡಿಯನ್ನು ಮೂಸಿ, "ಮಸಾಲಾ?" ಎಂದು ಕೇಳಿ, ಸೀನಿ, ಕಳಿಸಿಬಿಟ್ಟ. ಅದೇ ಚೀಲದಲ್ಲಿ ಒದ್ದೆ ಪೇಪರಿನ ನಡುವೆ ಶಾಂಭವಿ ಹೊಳೆಯ ಗಿಡಗಳೂ ಬಂದವು. ಬಂಡೆಗಳ ಸಂದಿಯಲ್ಲಿ ಬೆಳೆಯುವ, ರಿಬ್ಬನ್ನಿನಂತೆ ತಿರುಚಿಕೊಂಡ ನೀಳ ಎಲೆಯವು. ಕೆಳಗೆ ಮುರಕಲ್ಲು, ಮೇಲೆ ಸಣ್ಣ ಜಲ್ಲಿ, ಹಿಂದೆ ಬಾಟಲಿ. ಎರಡು ವರ್ಷಕ್ಕೆ ಟ್ಯಾಂಕಿನ ತುಂಬ ಹಸಿರು ತೂಗಾಡಿತು. ದೋಹಾದ ಸಾಕುಮೀನಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಗಿಡ ಬಿಟ್ಟರೆ ಬೇರೆ ಗಿಡ ಸಿಗುತ್ತಿರಲಿಲ್ಲ.

ಮುಂದಿನ ಶುಕ್ರವಾರ, ವಾರದ ರಜೆಯ ದಿನ, ಬಚ್ಚಲಿನ ಸೂರು ಸೋರುವುದನ್ನು ನೋಡಲು ಕಟ್ಟಡದ ಯಜಮಾನರು ತಾವೇ ಬಂದರು. ಅಲ್ ಶಮಾಲ್ ಕಡೆಯ ಹಿರಿಯರು, ಮನೆಯೂ ಅಲ್ಲೇ. ಎಲ್ಲರೂ ಅವರನ್ನು ಅಬು ಜಾಸಿಂ ಎಂದೇ ಕರೆಯುವುದು. ಸೂರು ನೋಡಿ ಹೊರಟವರು ಟ್ಯಾಂಕಿನ ಮುಂದೆ ನಿಂತರು. "ಮಾಷಾ ಅಲ್ಲಾಹ್" ಎಂದು ಮೆಚ್ಚಿ ಕುರ್ಚಿ ಎಳೆದು ಕೂತೇಬಿಟ್ಟರು. ಅವರು ಚಿಕ್ಕವರಿದ್ದಾಗ ಊರಿಗೆಲ್ಲ ಸಿಹಿನೀರಿನ ಬಾವಿ ಒಂದೇ ಇದ್ದುದಂತೆ. ಅದರ ಕಲ್ಲುಗಳ ನಡುವೆ ಹೀಗೇ ಹಸಿರು ಇರುತ್ತಿತ್ತಂತೆ. ಅರಬ್ಬಿ ಮತ್ತು ಹಿಂದಿ ಬೆರೆಸಿ ಅವರು ಹೇಳಿದ್ದನ್ನೆಲ್ಲ ಸಿರಿಲ್ ತಲೆಯಾಡಿಸುತ್ತ ಕೇಳಿದ. ಆಮೇಲೆ ಅವರು ಬಗ್ಗಿ, ಗುಳ್ಳೆ ಬರುವ ಕೊಳವೆಯನ್ನು ಬೆರಳಿನಿಂದ ಹಿಂಬಾಲಿಸಿ, ಬಾಟಲಿಯ ಹತ್ತಿರ ನಿಲ್ಲಿಸಿದರು. ಇದೇನು ಎಂದು ಕೇಳಿದರು.

ಸಿರಿಲ್‌ಗೆ ನೆನಪಾದದ್ದು ಅಣ್ಣು. ಅವನದೇ ಕಂಪನಿಯ ಫೋರ್‌ಮನ್. ಅಲ್ ಖೋರ್ ಕಾರ್ಮಿಕರ ಕ್ಯಾಂಪಿನಲ್ಲಿ ಕದ್ದು ಹೆಂಡಕ್ಕೆಂದು ದ್ರಾಕ್ಷಿ ರಸ ಹುಳಿಹಾಕಿ ಸಿಕ್ಕಿಬಿದ್ದವನನ್ನು ಕಳೆದ ವರ್ಷ ಉಟ್ಟ ಬಟ್ಟೆಯಲ್ಲೇ ವಿಮಾನ ಹತ್ತಿಸಿದ್ದರು.

"ಮಾಫಿ ಮುಷ್ಕಿಲ್, ಮಾಫಿ ಮುಷ್ಕಿಲ್," ಏನೂ ತೊಂದರೆಯಿಲ್ಲ, ಎಂದ ಸಿರಿಲ್. ಅವರ ಕಣ್ಣು ಬಾಟಲಿಯಿಂದ ಸರಿಯಲಿ ಎಂದು ಎರಡೂ ಕೈಯಲ್ಲಿ ಟ್ಯಾಂಕ್ ತೋರಿಸಿದ. "ತಫದ್ದಲ್. ಇದು ನಿಮ್ಮದೇ. ತಗೊಂಡು ಹೋಗಿ."

ಅಬು ಜಾಸಿಂ ನಕ್ಕು, ದೇವರು ನಿಮಗೆ ಇನ್ನೂ ಹೆಚ್ಚು ಕೊಡಲಿ ಎಂದರು. ಸಿರಿಲ್ ಮತ್ತೆ ಹೇಳಿದ. ಅವರು ಎದೆಯ ಮೇಲೆ ಕೈಯಿಟ್ಟು ಮತ್ತೆ ಬೇಡವೆಂದರು. ಮೂರು ಸಲ ಒತ್ತಾಯ ಮಾಡುವುದು ಇಲ್ಲಿಯ ಮರ್ಯಾದೆ ಎಂದು ಆಫೀಸಿನಲ್ಲಿ ಯಾರೋ ಸಿರಿಲ್‌ಗೆ ಕಲಿಸಿದ್ದರು.

"ವಲ್ಲಾ, ನೀವು ತಗೊಳ್ಳಲೇಬೇಕು!"

ಅಬು ಜಾಸಿಂ ಎದೆಯ ಮೇಲಿನ ಕೈ ಇಳಿಸಿದರು. ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿಸಿಲಿಯಾಳ ಕಡೆ ನೋಡಿದರು. ಅವಳಿಗೆ ಅರಬ್ಬಿ ಬರುತ್ತಿರಲಿಲ್ಲ. ಮನೆಗೆ ಬಂದವರನ್ನು ನೋಡಿ ನಗುವಂತೆ ನಕ್ಕಳು.

ಅವರು ಹೋದ ಮೇಲೆ ಅವಳಿಗೆ ವಿಷಯ ತಿಳಿಯಿತು.

"ಕೊಡ್ತೇನೆ ಅಂದ್ರಾ? ನನ್ನ ಟ್ಯಾಂಕ್?"

"ಬಾಯಿಮಾತು ಮಾರಾಯ್ತಿ. ಅವರು ತಗೊಳ್ಳುವುದಿಲ್ಲ. ಅರಬಿಗಳ ಕ್ರಮ ನಿನಗೆ ಗೊತ್ತಿಲ್ಲ."

ಭಾನುವಾರ ಸಂಜೆ ಸಿರಿಲ್ ಕೆಲಸದಿಂದ ಬರುವಷ್ಟರಲ್ಲಿ ಯಜಮಾನರ ಡ್ರೈವರ್, ಊರಿನ ಕಡೆಯವನೇ ಆದ ಹಂಝ, ಪಿಕಪ್ಪಿನೊಂದಿಗೆ ಕೆಳಗೆ ಕಾದಿದ್ದ. ಜೊತೆಗೆ ಹೊರಲು ಜನ, ಸುತ್ತಲು ಕಂಬಳಿ, ಮೀನಿಗೆಂದು ಐಸ್ ಡಬ್ಬ. ಮುಂದಿನ ಸೀಟಿನಲ್ಲಿ ಅಬು ಜಾಸಿಂ ಕಳಿಸಿದ ಇಡೀ ಕುರಿಯ ಮಜ್ಬೂಸ್ ಅನ್ನದ ಹರಿವಾಣ.

ಸಿಸಿಲಿಯಾ ಅರಬ್ಬಿ ಬಲ್ಲ ರುಕಿಯಾಳ ಮನೆಗೆ ಓಡಿದಳು. "ಅಬು ಜಾಸಿಂಗೆ ಹೇಳು ಮಾರಾಯ್ತಿ, ತಪ್ಪಿ ಬಾಯಿಗೆ ಬಂದದ್ದು ಅಂತ."

"ಅದೆಂತ ಹೇಳುವುದು ಅಕ್ಕಾ? ನಿಮ್ಮ ಗಂಡ ವಲ್ಲಾ ಅಂದಾಯ್ತಲ್ಲ. ಅದು ದೇವರ ಮೇಲೆ ಆಣೆ. ಅವರು ತಗೊಳ್ಳದಿದ್ದರೆ ಇವರ ಆಣೆ ಮುರಿದ ಹಾಗೆ. ಇವರ ಮಾನ ಉಳಿಸ್ಲಿಕ್ಕೇ ತಗೊಂಡದ್ದು ಅವರು."

"ಇವರು ಬೆಳಿಗ್ಗೆಯಿಂದ ರಾತ್ರಿವರೆಗೆ ವಲ್ಲಾ ಅಂತಾರೆ! ಸಾರಿಗೆ ಉಪ್ಪಿಲ್ಲದಿದ್ದರೂ ವಲ್ಲಾ."

"ಸಾರಿಗೆ ಅಂದದ್ದು ದೇವರಿಗೆ ಕೇಳಿಸ್ಲಿಲ್ಲ. ಇದು ಅಬು ಜಾಸಿಂಗೆ ಕೇಳಿಸಿತು."

ಟ್ಯಾಂಕ್ ಮೆಟ್ಟಿಲಿಳಿಯಿತು. ನೀರನ್ನು ಬಹುಪಾಲು ತೆಗೆದಿದ್ದರಿಂದ ಎಲೆಗಳು ಜಲ್ಲಿಯ ಮೇಲೆ ಒಂದರ ಮೇಲೊಂದು ಅಂಟಿ ಮಲಗಿದ್ದವು. ಅವುಗಳ ಮೇಲೆ ಒದ್ದೆ ಟವೆಲ್ ಮುಚ್ಚಲು ಸಿಸಿಲಿಯಾ ಹಂಝನಿಗೆ ಹೇಳಿಕೊಟ್ಟಳು. ಬಾಟಲಿಯನ್ನು ಸಿರಿಲ್ ಆಗಲೇ ಕಸಕ್ಕೆ ಹಾಕಿದ್ದ. ಒಂದು ಮರಿಗಿಡವನ್ನು ಅವಳು ಹಾರ್ಲಿಕ್ಸ್ ಬಾಟಲಿಯಲ್ಲಿ ಉಳಿಸಿಕೊಂಡಳು. ಕೆಂಪು ಮಣ್ಣೂ ಗುಳ್ಳೆಯೂ ಇಲ್ಲದೆ ಅದರ ಎಲೆಗಳು ಗಾಜಿನಂತೆ ಪಾರದರ್ಶಕವಾದವು, ಬೇರು ಕರಗಿತು. ಆ ತಿಂಗಳು ಮುಗಿಯುವ ಮೊದಲೇ ಅದನ್ನೂ ಸಿಂಕಿಗೆ ಚೆಲ್ಲಿದಳು. ಊರಿನಿಂದ ಮತ್ತೆ ತರೋಣವೆಂದರೆ ಕಂಪನಿ ಟಿಕೆಟ್ ಕೊಡುವುದು ಎರಡು ವರ್ಷಕ್ಕೊಮ್ಮೆ. ಜನವರಿಯಲ್ಲಷ್ಟೇ ಹೋಗಿ ಬಂದಿದ್ದರು. ಇನ್ನು ಹೊಳೆಯ ಗಿಡ ಜೀವಂತ ಇದ್ದರೆ ಅಲ್ ಶಮಾಲ್‌ನಲ್ಲಿ ಮಾತ್ರ.

ಅಬು ಜಾಸಿಂ ಸಾಲ ಇಟ್ಟುಕೊಳ್ಳುವ ಜನವಲ್ಲ. ವಾರದೊಳಗೆ ಹಜಾರದ ಹಳೇ ಏಸಿ ತೆಗೆಸಿ ಹೊಸದು ಹಾಕಿಸಿಕೊಟ್ಟರು. ಅದರ ತಣ್ಣನೆ ಗಾಳಿ ನೇರವಾಗಿ ಟ್ಯಾಂಕ್ ಇದ್ದ ಖಾಲಿ ಜಾಗಕ್ಕೆ ಬಡಿಯುತ್ತಿತ್ತು. ಜೂನಿನಲ್ಲಿ ಶುಕ್ರವಾರದ ಊಟಕ್ಕೆ ಕರೆಯೂ ಬಂತು.

ಊಟವಾದ ಮೇಲೆ ಸಿಸಿಲಿಯಾ ನೋಡಲೆಂದೇ ಅವರು ಅತಿಥಿಗಳನ್ನು ಕೂರಿಸುವ ಮಜಲಿಸಿನಿಂದ ಉಳಿದ ಗಂಡಸರನ್ನೆಲ್ಲ ಹೊರಗೆ ಕಳಿಸಿದರು. ಆ ದೊಡ್ಡ ಕೋಣೆಯಲ್ಲಿ, ಗೌರವದ ಜಾಗದಲ್ಲಿ, ಹೊಸ ಮರದ ಪೀಠದ ಮೇಲೆ ಟ್ಯಾಂಕ್ ಇತ್ತು. ಮೇಲೆ ಎರಡು ಟ್ಯೂಬ್‌ಲೈಟು. ಒಳಗೆ ಗಾಳಿಯ ಪಂಪು ಜೋಡಿಸಿದ ಪ್ಲಾಸ್ಟಿಕ್ ನಿಧಿಪೆಟ್ಟಿಗೆ. ಅದು ಬಾಯಿ ತೆರೆದಾಗಲೆಲ್ಲ ಮೊಮ್ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನೀಳ ಎಲೆಗಳ ಮೇಲೆ ಕಂದು ಪಾಚಿ ತುಪ್ಪಳದಂತೆ ಕೂತಿತ್ತು. ತುದಿಗಳು ಕರಗಿ ನೀರಿನಲ್ಲಿ ತೇಲುತ್ತಿದ್ದವು. ನಡುವೆ ಎರಡು ಬುಡಗಳಲ್ಲಿ ಮಾತ್ರ ಹೊಸ ಚಿಗುರಿತ್ತು.

ಅಬು ಜಾಸಿಂ ಸಿರಿಲ್ ಮೂಲಕ ಕೇಳಿಸಿದರು. ಇದಕ್ಕೆ ನಾವು ಏನು ಕೊಡುತ್ತಿಲ್ಲ? ಏನು ಬೇಕು ಹೇಳಲಿ, ಲಂಡನ್ನಿನಿಂದಾದರೂ ತರಿಸುತ್ತೇನೆ.

ಸಿಸಿಲಿಯಾ ಗಂಡನ ಕಡೆ ತಿರುಗಿ ಕೊಂಕಣಿಯಲ್ಲಿ ಕೇಳಿದಳು. "ಹೇಳ್ಲಾ?"

ಸಿರಿಲ್ ಕಾರ್ಪೆಟ್ಟು ನೋಡುತ್ತಿದ್ದ. "ಸಕ್ಕರೆ, ಯೀಸ್ಟ್, ಬಾಟಲಿ. ಮೂರು ಮಾತು ನೀನು ಹೇಳು, ನಾಲ್ಕನೆಯದ್ದು ಅವರೇ ಹೇಳ್ತಾರೆ. ಅಣ್ಣುವನ್ನು ನೆನಪು ಮಾಡ್ಕೊ."

"ಇಷ್ಟು ಒಳ್ಳೆಯವರು. ಅರ್ಥ ಮಾಡ್ಕೊಳ್ತಾರೆ."

"ಅರ್ಥ ಮಾಡ್ಕೊಳ್ಳದಿದ್ದರೆ? ಮೈರಾನ ಶಾಲೆ? ನನ್ನ ಕೆಲಸ?"

ಅಬು ಜಾಸಿಂ ತಾಳ್ಮೆಯಿಂದ ಕಾಯುತ್ತಿದ್ದರು. ಸಿಸಿಲಿಯಾ ಗಾಜಿನ ಮೇಲೆ ಬೆರಳಿಟ್ಟಳು.

"ಬೆಳಕು ಸ್ವಲ್ಪ ಕಡಿಮೆ ಮಾಡ್ಲಿಕ್ಕೆ ಹೇಳಿ. ಪೆಟ್ಟಿಗೆಯ ಪಂಪು ನಿಲ್ಲಿಸಿದರೂ ಒಳ್ಳೆಯದು, ಗಿಡದ ಊಟ ಅದರಲ್ಲೇ ಹಾರಿಹೋಗ್ತದೆ."

ಸಿರಿಲ್ ಬೆಳಕಿನ ಮಾತನ್ನು ಅರಬ್ಬಿಗೆ ದಾಟಿಸಿದ. ಚಪ್ಪಾಳೆ ತಟ್ಟುತ್ತಿದ್ದ ಮಕ್ಕಳನ್ನು ನೋಡಿ ಪಂಪಿನ ಮಾತನ್ನು ನುಂಗಿಕೊಂಡ.

ಹೊರಡುವಾಗ ಬಾಗಿಲ ಬಳಿ ಸಿಸಿಲಿಯಾ ಮೆಲ್ಲಗೆ ಕೇಳಿದಳು. "ಚಿಗುರಿದ ಬುಡ ಒಂದು ಕೇಳಿ ನೋಡಿ."

"ಕೊಟ್ಟದ್ದನ್ನು ವಾಪಸ್ ಕೇಳುವುದಾ? ಖಲಾಸ್, ಸಿಸಿಲ್. ಬಿಟ್ಟುಬಿಡು."

ಜುಲೈಯಲ್ಲಿ ಹೊಸ ಏಸಿಯ ನೀರು ತೊಟ್ಟಿಕ್ಕುವುದನ್ನು ಸರಿಮಾಡಿಸಲು ಹಂಝ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದ. ಸಿಸಿಲಿಯಾ ಚಹಾ ಕೊಟ್ಟು, ಟ್ಯಾಂಕ್ ಹೇಗಿದೆ ಎಂದು ಕೇಳಿದಳು.

"ಈಗ ಬಹಳ ಚಂದ ಉಂಟು ಅಕ್ಕಾ. ನಿಮ್ಮ ಗಿಡ ಸಾಯ್ತಾ ಇದೆ ಅಂತ ನಮ್ಮ ಅರಬಾಬ್ ತುಂಬ ಬೇಜಾರು ಮಾಡಿಕೊಂಡಿದ್ರು. ಕೊನೆಗೆ ಎಲ್ಲ ಕೀಳಿಸಿ ಪ್ಲಾಸ್ಟಿಕ್ಕಿನದ್ದು ಹಾಕಿಸಿದ್ರು, ನೀವು ಬಂದಾಗ ಹಸಿರು ಕಾಣ್ಲಿ ಅಂತ."

"ಕಿತ್ತದ್ದನ್ನು?"

"ಖರ್ಜೂರದ ಬುಡಕ್ಕೆ. ಆ ಕೆಂಪು ಮಣ್ಣೂ ಅಲ್ಲಿಗೇ."

ಸಿಸಿಲಿಯಾ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಸಿರಿಲ್‌ನ ಮುಂದಿನ ರಜೆಗೆ, ಹೊಳೆಯ ಗಿಡಕ್ಕೆ, ಇನ್ನೂ ಒಂದೂವರೆ ವರ್ಷ ಕಾಯಬೇಕಿತ್ತು; ಅದು 1999ರ ಜನವರಿಯಲ್ಲಿ ಬಂತು.