ಶ್ರೀಕಾರವನ್ನೂ ಎಣಿಸಿದ ಸ್ಕ್ರಿಪ್ಟ್

ಶೇಂಗಾ ಸುಲಿಯುತ್ತಾ ಕೂತಿದ್ದೆ, ಮೊಳಕಾಲ್ಮೂರಿನಿಂದ ಅಣ್ಣ ಫೋನ್ ಮಾಡಿದ.

"ಅಪ್ಪನ ನೋಟ್‌ಬುಕ್ ವಾಪಸ್ ಕೊಟ್ಟುಬಿಡವ್ವ. ನಿನ್ ಕೈಲಿ ಆಗಲ್ಲ. ಬೇರೆಯವರ ಕೈಲಿ ಬರೆಸ್ತೀನಿ."

ಅಪ್ಪ ನೇಯುತ್ತಿದ್ದ ಸೀರೆಯಂಚುಗಳೆಲ್ಲ ಆ ನೋಟ್‌ಬುಕ್ಕಿನಲ್ಲಿವೆ. ಒಂದೊಂದು ಸಾಲಿಗೂ ಯಾವ್ಯಾವ ಎಳೆ ಎತ್ತಬೇಕು ಅಂತ ಅವರ ಕೈಬರಹದಲ್ಲೇ ಇದೆ. ಹಾಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಚಳ್ಳಕೆರೆಗೆ ತಂದುಕೊಂಡು, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೆ. ಪಕ್ಕದ ಬೀದಿಯ ನನ್ನ ನಾದಿನಿ ಕಂಪ್ಯೂಟರ್ ಓದಿದವಳು. ನಾನು ಟೈಪ್ ಮಾಡಿದ್ದರಲ್ಲಿ ಪ್ರತಿ ಅಂಚಿಗೂ ಅಪ್ಪ ಬರೆದಷ್ಟೇ ಸಾಲು ಎಣಿಸಿಕೊಂಡು, ತಾನಾಗೇ ಪುಸ್ತಕ ಮಾಡಿಕೊಡುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದವಳು ಅವಳೇ.

"ಏನಾಯ್ತಣ್ಣ?"

"ಮಾವಿನಕಾಯಿ ಅಂಚು ಪುಸ್ತಕ ನೋಡ್ಕಂಡು ನೇಯ್ದೆ. ಒಂದು ಕಾಯಿಗೂ ತುದಿ ಇಲ್ಲ, ಇಲಿ ಕಚ್ಚಿದಂಗೈತೆ. ಮೊನ್ನೆ ನಿನ್ನ ನಾದಿನಿಗೆ ಫೋಟೊ ಕಳಿಸಿದ್ದೆ. ಅತ್ತಿಗೆ ಒಂದು ಸಾಲು ನುಂಗಿದಾರೆ ಅಂದ್ಲು."

ಮೊನ್ನೆ! ನಿನ್ನೆ ಅವಳು ನನ್ನ ಅಡುಗೆಮನೆಯಲ್ಲೇ ಕೂತು ಎರಡು ಸಲ ಟೀ ಕುಡಿದು ಹೋಗಿದ್ದಳು. ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಫೋನಿಟ್ಟು ನನ್ನ ಫೈಲು ತೆಗೆದೆ. ಬೆರಳಿಟ್ಟು ಎಣಿಸಿದೆ, ನಲವತ್ತೆಂಟು. ಅಪ್ಪ ಬರೆದಿದ್ದೂ ಅಷ್ಟೇ. ಪುಸ್ತಕದಲ್ಲಿ ನಲವತ್ತೇಳೇ, ಅವುಗಳ ಮೇಲೆ ನನ್ನ ಶ್ರೀಕಾರ. ಆಗ ಹೊಳೆಯಿತು. ಶ್ರೀ ಬರೆಯದೆ ನಾನು ಸಾಮಾನಿನ ಚೀಟಿಯನ್ನೂ ಶುರು ಮಾಡುವವಳಲ್ಲ. ಪ್ರತಿ ಫೈಲಿನ ಮೊದಲ ಸಾಲಿನಲ್ಲೂ ಬರೆದಿದ್ದೆ. ಸ್ಕ್ರಿಪ್ಟು ಅದನ್ನೂ ನೇಯುವ ಸಾಲೆಂದು ಎಣಿಸಿ, ನಲವತ್ತೆಂಟಾಯಿತು ಅಂತ ಕಡೆಯದನ್ನು ಕತ್ತರಿಸಿತ್ತು. ಕೇಳದೆ ಬರೆದವಳೂ ಅಲ್ಲ ನಾನು. "ಬರ್ಕೊಳ್ರಿ ಅತ್ತಿಗೆ, ಅದನ್ನ ಎಣಿಸಬೇಡ ಅಂತ ಸ್ಕ್ರಿಪ್ಟಿಗೆ ಹೇಳ್ತೀನಿ" ಅಂತ ಅವಳೇ ನಕ್ಕಿದ್ದಳು.

ಸೆರಗಿಗೆ ಅಂಟಿದ ಸಿಪ್ಪೆಯನ್ನೂ ಕೊಡವದೆ ಅವಳ ಮನೆಗೆ ನಡೆದೆ.

"ಮರ್ತೋಯ್ತು ಅತ್ತಿಗೆ," ಅಂದಳು.

"ಮರೆತಿದ್ದು ಸರಿ. ಯಾವಾಗ ಗೊತ್ತಾಯ್ತು?"

"ಫೋಟೊ ನೋಡ್ತಿದ್ದಂಗೆ." ತಲೆ ಎತ್ತಲಿಲ್ಲ. "ನಿಮ್ಮಣ್ಣ ನಂಗೆ ಬೈತಾರೆ ಅನ್ನಿಸ್ತು. ನೀವಾದ್ರೆ ಒಡಹುಟ್ಟಿದೋರು, ಸುಮ್ನಾಗ್ತಾರೆ ಅಂತ..."

ತಿದ್ದುಪಡಿ ಅಂದರೆ ಎರಡೇ ಸಾಲು. ಮೊದಲ ಸಾಲಿನಲ್ಲಿ ಶ್ರೀ ಇದ್ದರೆ ಎಣಿಸದೆ ಮುಂದೆ ಹೋಗು ಅಂತ. ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ. ಪುಸ್ತಕ ಮತ್ತೆ ಮಾಡಿಸಿ, ಅವಳು ಬೇಡ ಅಂದರೂ ಎಲ್ಲ ಅಂಚುಗಳನ್ನೂ ಕೂತು ಎಣಿಸಿದೆ. ಎಲ್ಲವೂ ಸರಿಯಾಗಿತ್ತು.

"ಈಗ ಅಣ್ಣಂಗೆ ಫೋನ್ ಮಾಡು."

"ಸ್ಕ್ರಿಪ್ಟ್ ಕೆಟ್ಟಿತ್ತು ಅಂತ ನೀವೇ ಹೇಳಿಬಿಡ್ರಿ."

"ಚಾಡಿ ಹೇಳಿದ್ದು ಸ್ಕ್ರಿಪ್ಟಾ? ಮಾಡು."

ಮಾಡಿದಳು. ತಪ್ಪು ನಂದೇ ಅಂತ ಒಂದೇ ಉಸಿರಿಗೆ ಒಪ್ಪಿಕೊಂಡಳು. ಅಣ್ಣ ನಕ್ಕ. "ಹೋಗ್ಲಿ ಬಿಡಮ್ಮ, ಮನುಷ್ಯರ ಕೈ, ತಪ್ಪುತ್ತೆ. ನೋಟ್‌ಬುಕ್ ಅಲ್ಲೇ ಇರ್ಲಿ ಅನ್ನು."

ನೋಟ್‌ಬುಕ್ ಉಳಿಯಿತು, ನಮ್ಮ ದೇವರು ತಿಪ್ಪೇಸ್ವಾಮಿಯ ದಯೆ. ಕೆಟ್ಟಿದ್ದು ಒಂದು ಗೇಣು ಅಂಚು ಮಾತ್ರ, ಅದೂ ಅವನ ದಯೆಯೇ. ಆದರೆ ಅವಳಿಗೆ ಅಷ್ಟು ಸಲೀಸಾಗಿ ಸಿಕ್ಕ ಆ "ಹೋಗ್ಲಿ ಬಿಡು" ಬೆಳಿಗ್ಗೆ ನನಗೆ ಯಾಕೆ ಸಿಗಲಿಲ್ಲ? ನೀನು ಎಣಿಸಿದ್ಯಾ ಅಂತ ಒಂದು ಮಾತು ಕೇಳಬಹುದಿತ್ತು ನನ್ನಣ್ಣ. ನಾದಿನಿ ಮಾಡಿದ್ದಕ್ಕಿಂತ ಅದೇ ಈಗಲೂ ಚುಚ್ಚುತ್ತದೆ.

"ಟೀ ಕುಡಿದು ಹೋಗ್ರಿ ಅತ್ತಿಗೆ" ಅಂದಳು. ಬೇಡ ಅಂದೆ. ಮನೆಗೆ ಬಂದು ಕೈಕಾಲು ತೊಳೆದು ಮುದ್ದೆಗೆ ಎಸರಿಟ್ಟೆ.